ಎಷ್ಟರಲ್ಲಿ ಎಷ್ಟು?



ಕಥೆಯನ್ನೋ ಕವಿತೆಯನ್ನೋ ಬರೆದು ಪತ್ರಿಕೆಗೆ ಕಳುಹಿಸಿ, ಉತ್ತರಕ್ಕಾಗಿ ಅಂಚೆಯವನ ಹಾದಿ ನೋಡಿದ ಅನುಭವ ನಿಮ್ಮಲ್ಲಿ ಹಲವರಿಗೆ ಇದ್ದೀತು. ಸ್ವವಿಳಾಸ ಬರೆದು, ಅಂಚೆಚೀಟಿ ಹಚ್ಚಿದ ಲಕೋಟೆಯೊಂದನ್ನು ಜೊತೆಗಿಟ್ಟು ಕಳುಹಿಸುತ್ತಿದ್ದ ಕಾಲದಲ್ಲಿ, ಆ ಲಕೋಟೆ ದಪ್ಪನಾಗಿ ಮರಳಿ ಬಂದರೆ ಒಡೆದು ನೋಡುವ ಅಗತ್ಯವೇ ಇರುತ್ತಿರಲಿಲ್ಲ. ಒಳಗಿರುವುದು ನಮ್ಮದೇ ಹಸ್ತಪ್ರತಿ. ಅದರ ಮೇಲೊಂದು ವಿಷಾದದ ಚೀಟಿ. ವಿಜ್ಞಾನಿಗಳ ಪಾಡೂ ಇದಕ್ಕಿಂತ ಬೇರೆಯಲ್ಲ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಈಗ ಲಕೋಟೆ ಹೋಗಿ, ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ನಾಲ್ಕು ಸಾಲು ಬಂದಿದೆ. ಎದೆಬಡಿತ ಮಾತ್ರ ಹಳೆಯದೇ.

ನಾನು ಪಾಠ ಹೇಳುವುದು ಅತಿ ಸಣ್ಣ ಯಂತ್ರಗಳ ವಿಷಯವನ್ನು. ಸಣ್ಣದು ಎಂದರೆ ಎಷ್ಟು ಸಣ್ಣದು? ಒಂದು ಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಮೈಕ್ರೋಮೀಟರ್. ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರಾಗಿ 50ರಿಂದ 100 ಮೈಕ್ರೋಮೀಟರ್. ಆ ಕೂದಲಿನ ಅಡ್ಡಗಲದಲ್ಲಿ ಸಾಲಾಗಿ ಕೂಡಬಲ್ಲ ಹಲ್ಲುಚಕ್ರಗಳು, ತೊಲೆಗಳು, ಪೊರೆಗಳು, ಇವೇ ನಮ್ಮ ಸರಕು. 1959ರ ಡಿಸೆಂಬರ್ 29ರಂದು ರಿಚರ್ಡ್ ಫೈನ್‌ಮನ್ ಎಂಬ ಭೌತವಿಜ್ಞಾನಿ, ಕ್ಯಾಲಿಫೋರ್ನಿಯದಲ್ಲಿ ಸೇರಿದ್ದ ಒಂದು ಸಭೆಯಲ್ಲಿ, ಕೆಳಗಡೆ ಇನ್ನೂ ಬೇಕಾದಷ್ಟು ಜಾಗವಿದೆ ಎಂಬ ಅರ್ಥದ ತಲೆಬರಹವಿಟ್ಟು ಭಾಷಣ ಮಾಡಿದನು. ಅಂಗುಲದ ಅರವತ್ತನಾಲ್ಕನೆಯ ಒಂದು ಪಾಲಿನಷ್ಟು ಉದ್ದಗಲ ಎತ್ತರದೊಳಗೆ ಅಡಗುವ ವಿದ್ಯುತ್ ಮೋಟಾರನ್ನು ಮಾಡಿದವರಿಗೆ 1,000 ಡಾಲರ್ ಬಹುಮಾನ ಕೊಡುವುದಾಗಿಯೂ ಸಾರಿದನು. ಇದಕ್ಕಾಗಿ ಹೊಸದೊಂದು ವಿದ್ಯೆಯೇ ಹುಟ್ಟೀತೆಂದು ಅವನ ಆಸೆ. ಮರುವರ್ಷವೇ ವಿಲಿಯಂ ಮೆಕ್‌ಲೆಲನ್ ಎಂಬ ಎಂಜಿನಿಯರು ಚಿಮಟ, ಸೂಕ್ಷ್ಮದರ್ಶಕದಂಥ ಸಾಮಾನ್ಯ ಸಲಕರಣೆಗಳಿಂದ, ತಾಳ್ಮೆಯಿಂದ ಅಂಥ ಮೋಟಾರನ್ನು ಮಾಡಿ ತಂದು ಮುಂದಿಟ್ಟ. ಫೈನ್‌ಮನ್ ಮರುಮಾತಿಲ್ಲದೆ ಹಣ ಕೊಟ್ಟ.

ಹೊಸ ವಿದ್ಯೆ ಬಂದದ್ದು ಇನ್ನೊಂದು ದಾರಿಯಿಂದ. ಗಣಕದ ಚಿಪ್ಪುಗಳಿಗೆಂದು ಪಳಗಿಸಿದ ಸಿಲಿಕಾನನ್ನೇ ಕೆತ್ತಿ, ಕೊರೆದು, ಅಲುಗಾಡುವ ಭಾಗಗಳನ್ನು ಮಾಡಬಹುದೆಂದು ಹಲವರು ಕಂಡುಕೊಂಡಿದ್ದರು. ಅದನ್ನೆಲ್ಲ ಒಟ್ಟುಗೂಡಿಸಿ ಕರ್ಟ್ ಪೀಟರ್ಸನ್ 1982ರಲ್ಲಿ ಬರೆದ ಒಂದು ದೀರ್ಘ ಲೇಖನ ಈ ಕ್ಷೇತ್ರಕ್ಕೆ ಅಡಿಗಲ್ಲಾಯಿತು. ಸಿಲಿಕಾನ್ ಕೇವಲ ವಿದ್ಯುತ್ತಿನ ವಸ್ತುವಲ್ಲ, ಉಕ್ಕಿನ ಹಾಗೆ ಯಂತ್ರದ ವಸ್ತುವೂ ಹೌದು ಎಂಬುದು ಅದರ ಸಾರ. ಈಗ ನಿಮ್ಮ ಕೈಯಲ್ಲಿರುವ ಮೊಬೈಲನ್ನು ಅಡ್ಡ ತಿರುಗಿಸಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅದು ಇಂಥದೊಂದು ಸಿಲಿಕಾನಿನ ತುಣುಕು ಒಳಗೆ ಓಲಾಡಿ ಹೇಳಿದ ಸುದ್ದಿ. ಕಾರು ಡಿಕ್ಕಿ ಹೊಡೆದಾಗ ಗಾಳಿಚೀಲ ಉಬ್ಬಬೇಕೆಂದು ತಿಳಿಸುವುದೂ ಅದರ ಬಳಗದ್ದೇ.

ಕ್ಷೇತ್ರ ಬೆಳೆದಂತೆ ಅದರ ಪತ್ರಿಕೆಗಳೂ ಬೆಳೆದವು. 1991ರಲ್ಲಿ ಬ್ರಿಟನ್ನಿನಿಂದ ಒಂದು, 1992ರಲ್ಲಿ ಅಮೆರಿಕದಿಂದ ಒಂದು ಹೊರಟವು. 2015ರಲ್ಲಿ 'ಮೈಕ್ರೋಸಿಸ್ಟಮ್ಸ್ ಅಂಡ್ ನ್ಯಾನೋಎಂಜಿನಿಯರಿಂಗ್' ಎಂಬುದು ಚೀನದ ವಿಜ್ಞಾನ ಅಕಾಡೆಮಿಯ ಒಂದು ಸಂಸ್ಥೆಯ ಸಹಯೋಗದಲ್ಲಿ ಆರಂಭವಾಯಿತು. ಅದನ್ನು ಚಂದಾ ಇಲ್ಲದೆ ಯಾರು ಬೇಕಾದರೂ ಓದಬಹುದು. ಓದುಗನಿಗೆ ಬಿಟ್ಟಿಯಾದದ್ದರ ಖರ್ಚನ್ನು ಯಾರಾದರೂ ಹೊರಲೇಬೇಕಷ್ಟೆ. ಇಂಥ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಅದು ಬರೆದವನ ಅಥವಾ ಅವನ ಸಂಸ್ಥೆಯ ಮೇಲೆ ಬೀಳುತ್ತದೆ. ನಮ್ಮ ಸಾಹಿತ್ಯ ಪತ್ರಿಕೆಗಳು ಸಂಭಾವನೆಯೆಂದು ಅಷ್ಟೋ ಇಷ್ಟೋ ಕೊಡುತ್ತವೆ. ವಿಜ್ಞಾನದಲ್ಲಿ ವ್ಯವಹಾರ ತಲೆಕೆಳಗು.

ಇಂಥ ಪತ್ರಿಕೆಗೆ ಲೇಖನ ಕಳುಹಿಸುವುದು ಹೇಗೆ? ಮೊದಲು ಸಂಪಾದಕರಿಗೊಂದು ಪತ್ರ: ಇದರಲ್ಲಿ ಹೊಸತೇನು, ಇದು ನಿಮ್ಮ ಓದುಗರಿಗೆ ಏಕೆ ಬೇಕು ಎಂದು. ಬಳಿಕ ಸಾರಾಂಶ, ಹಿಂದೆ ಆದ ಕೆಲಸದ ಪರಿಚಯ, ಮಾಡಿದ ವಿಧಾನ, ಕಂಡ ಫಲ, ಅದರ ವಿಚಾರ. ವಿಧಾನವನ್ನು ಬರೆಯುವಾಗ, ನಮ್ಮನ್ನು ಎಂದೂ ಕಾಣದ ಒಬ್ಬ ಅಪರಿಚಿತ ಅದನ್ನು ಓದಿ ತನ್ನ ಪ್ರಯೋಗಶಾಲೆಯಲ್ಲಿ ಮತ್ತೆ ಮಾಡುವಂತಿರಬೇಕು. ಆಮ್ಲ ಎಷ್ಟು ಪ್ರಬಲ, ಎಷ್ಟು ನಿಮಿಷ, ಎಷ್ಟು ಬಿಸಿ, ಯಾವುದನ್ನೂ ಬಿಡುವಂತಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವಿದ್ದರೆ ಅದರ ಮೂಲೆಯಲ್ಲಿ ಅಳತೆಯ ಗೆರೆ ಇರಲೇಬೇಕು. ಇಲ್ಲದಿದ್ದರೆ ಕಂಡದ್ದು ತೊಲೆಯೋ ಸೇತುವೆಯೋ ಹೇಳಲಾಗದು. ಲೇಖಕರಲ್ಲಿ ಯಾರು ಏನು ಮಾಡಿದರು, ಯಾರ ಹಣದಿಂದ ಕೆಲಸ ನಡೆಯಿತು, ಅದರಲ್ಲಿ ಯಾರದಾದರೂ ಲಾಭವಿದೆಯೇ ಎಂಬುದನ್ನೂ ಒಪ್ಪಿಕೊಂಡು ಬರೆಯಬೇಕು. ಸಂಪಾದಕರು ಮೊದಲು ತಾವೇ ಓದುತ್ತಾರೆ. ಹಲವು ಲೇಖನಗಳ ಪಯಣ ಅಲ್ಲಿಗೇ ಮುಗಿಯುತ್ತದೆ. ಉಳಿದವು ಇಬ್ಬರು ಮೂವರು ಪರಿಶೀಲಕರ ಕೈಗೆ ಹೋಗುತ್ತವೆ. ಅವರು ಯಾರೆಂದು ಬರೆದವನಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಆ ಕೆಲಸಕ್ಕೆ ಅವರಿಗೆ ಸಂಬಳವೂ ಇಲ್ಲ.

ಈ ಪದ್ಧತಿ ನಾವು ಎಣಿಸುವಷ್ಟು ಹಳೆಯದಲ್ಲ. 1665ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಓಲ್ಡನ್‌ಬರ್ಗ್ ವಿಜ್ಞಾನಕ್ಕಾಗಿ ಪತ್ರಿಕೆ ಹೊರಡಿಸಿದಾಗ ಯಾವುದು ಅಚ್ಚಾಗಬೇಕೆಂಬುದು ಬಹುಮಟ್ಟಿಗೆ ಅವನ ತೀರ್ಮಾನವೇ ಆಗಿತ್ತು. ಪ್ರಸಿದ್ಧವಾದ 'ನೇಚರ್' ಪತ್ರಿಕೆ ಎಲ್ಲ ಸಂಶೋಧನ ಲೇಖನಗಳನ್ನೂ ಹೊರಗಿನವರ ಪರಿಶೀಲನೆಗೆ ಕಳುಹಿಸುವುದನ್ನು ನಿಯಮ ಮಾಡಿಕೊಂಡದ್ದು 1973ರಷ್ಟು ಈಚೆಗೆ. 1936ರಲ್ಲಿ ಐನ್‌ಸ್ಟೈನರು ತಮ್ಮ ಸಹೋದ್ಯೋಗಿ ರೋಸನ್ನರೊಡನೆ ಬರೆದ ಲೇಖನವೊಂದನ್ನು ಅಮೆರಿಕದ 'ಫಿಸಿಕಲ್ ರಿವ್ಯೂ' ಪತ್ರಿಕೆಗೆ ಕಳುಹಿಸಿದರು. ಗುರುತ್ವದ ಅಲೆಗಳು ಇಲ್ಲವೇ ಇಲ್ಲ ಎಂಬುದು ಅದರ ವಾದ. ಸಂಪಾದಕ ಜಾನ್ ಟೇಟ್ ಅದನ್ನು ಒಬ್ಬ ಪರಿಶೀಲಕನಿಗೆ ತೋರಿಸಿ, ಅವನ ಆಕ್ಷೇಪಗಳನ್ನು ಐನ್‌ಸ್ಟೈನರಿಗೆ ಕಳುಹಿಸಿದರು. ಅಚ್ಚಿಗೆಂದು ಕೊಟ್ಟದ್ದನ್ನು ಪರರಿಗೆ ತೋರಿಸುವುದೆಂದರೇನೆಂದು ಸಿಟ್ಟಾದ ಐನ್‌ಸ್ಟೈನರು ಲೇಖನವನ್ನು ಹಿಂದಕ್ಕೆ ಪಡೆದರು. 1937ರಲ್ಲಿ ಅದು ಬೇರೊಂದು ಪತ್ರಿಕೆಯಲ್ಲಿ ಬಂತು. ಆದರೆ ಅಷ್ಟರೊಳಗೆ ತಪ್ಪು ಅವರಿಗೇ ಮನದಟ್ಟಾಗಿ ತೀರ್ಮಾನ ಬದಲಾಗಿತ್ತು. ಆ ಪರಿಶೀಲಕ ಎಚ್. ಪಿ. ರಾಬರ್ಟ್‌ಸನ್ ಎಂಬುದು ದಾಖಲೆಗಳಿಂದ 2005ರಲ್ಲಿ ಬಹಿರಂಗವಾಯಿತು. ಗುರುತ್ವದ ಅಲೆಗಳು 2015ರಲ್ಲಿ ಉಪಕರಣಕ್ಕೇ ಸಿಕ್ಕವು. ಐನ್‌ಸ್ಟೈನರಂಥವರಿಗೂ ಒಬ್ಬ ಅಪರಿಚಿತ ಓದುಗ ಬೇಕಾದನೆಂಬುದನ್ನು ನಾನು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ನನಗೂ ಅಂಥವನು ಬೇಕಾದ ಪ್ರಸಂಗವನ್ನು ಹೇಳಿದ್ದು ಕಡಿಮೆ. ಇಂದು ಅದನ್ನು ಹೇಳುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕೆಲವು ಕಡೆಗಳಲ್ಲಿ, ಧೂಳಿನ ಕಣವನ್ನೂ ಸೋಸಿ ತೆಗೆದ ಗಾಳಿಯಿರುವ ಶುಚಿಕೋಣೆಗಳಿವೆ. ತಲೆಯಿಂದ ಪಾದದವರೆಗೆ ಬಿಳಿ ನಿಲುವಂಗಿ ತೊಟ್ಟು ಅಲ್ಲಿ ಕೆಲಸ ಮಾಡಬೇಕು. ಬೇರೆ ಊರಿನ ಕಾಲೇಜುಗಳವರಿಗೂ ಅಲ್ಲಿ ಕೆಲಸ ಮಾಡಲು ಸರ್ಕಾರದ ಯೋಜನೆಯೊಂದು ಅವಕಾಶ ಮಾಡಿಕೊಟ್ಟಿತು. ನನ್ನ ಬಳಿ ಸಂಶೋಧನೆಗೆ ಸೇರಿದ್ದ ಒಬ್ಬ ಹುಡುಗಿ ಅಂಥದೊಂದು ಶುಚಿಕೋಣೆಯಲ್ಲಿ ಸಿಲಿಕಾನಿನ ತೊಲೆಗಳನ್ನು ಮಾಡಿದಳು. ಒಂದು ತುದಿ ಗೋಡೆಗೆ ನಾಟಿ, ಇನ್ನೊಂದು ತುದಿ ಗಾಳಿಯಲ್ಲಿ ಚಾಚಿರುವ ತೊಲೆ; ಈಜುಕೊಳದ ನೆಗೆಹಲಗೆಯನ್ನು ನೆನೆಯಿರಿ. ದಪ್ಪ 2 ಮೈಕ್ರೋಮೀಟರ್, ಕೆಳಗಿನ ನೆಲಕ್ಕೂ ಅದಕ್ಕೂ ನಡುವಣ ತೆರಪು 2 ಮೈಕ್ರೋಮೀಟರ್. ಅದನ್ನು ಕಂಪಿಸುವಂತೆ ಮಾಡಿದಾಗ, ಮೇಲೆ ಯಾವುದಾದರೂ ಆವಿಯ ಅಣುಗಳು ಬಂದು ಕುಳಿತರೆ ತೂಕ ಹೆಚ್ಚಿ ಕಂಪನ ನಿಧಾನವಾಗುತ್ತದೆ. ಆ ನಿಧಾನವನ್ನು ಅಳೆದು ಆವಿಯನ್ನು ಗುರುತಿಸಬಹುದು. ಇದು ನಮ್ಮ ಲೇಖನದ ವಿಷಯ.

ತೊಲೆಯನ್ನು ಬಿಡಿಸುವ ಕ್ರಮ ಹೀಗೆ: ಮೊದಲು ಅದರ ಕೆಳಗೆ ಗಾಜಿನಂಥ ಆಕ್ಸೈಡಿನ ಪದರವಿರುತ್ತದೆ, ಹೈಡ್ರೋಫ್ಲೋರಿಕ್ ಆಮ್ಲದಿಂದ ಅದನ್ನು ಕರಗಿಸಿ ತೆಗೆದರೆ ತೊಲೆ ಗಾಳಿಯಲ್ಲಿ ನಿಲ್ಲುತ್ತದೆ. ಆಮೇಲೆ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಪಾಯವಿರುವುದು ಆ ಒಣಗುವ ಗಳಿಗೆಯಲ್ಲಿ. ಒದ್ದೆ ಕುಂಚದ ಕೂದಲುಗಳು ಒಂದಕ್ಕೊಂದು ಅಂಟಿ ಮೊನೆಯಾಗುವುದನ್ನು ಕಂಡಿದ್ದೀರಿ. ಹಾಗೆಯೇ ತೆರಪಿನಲ್ಲಿ ಉಳಿದ ನೀರು ಆರುತ್ತ ಆರುತ್ತ ತನ್ನ ಮೇಲ್ಮೈ ಎಳೆತದಿಂದ ತೊಲೆಯನ್ನು ಕೆಳಕ್ಕೆ ಸೆಳೆದು ನೆಲಕ್ಕೆ ಅಂಟಿಸಿಬಿಡುತ್ತದೆ. ಅಂಟಿದ್ದು ಮತ್ತೆ ಏಳುವುದಿಲ್ಲ. ನಮ್ಮ ಪ್ರಮಾಣದಲ್ಲಿ ಲೆಕ್ಕಕ್ಕೇ ಇಲ್ಲದ ಒಂದು ಹನಿ ನೀರು, ಆ ಪ್ರಮಾಣದಲ್ಲಿ ಆನೆಯ ಕಾಲು.

ಲೇಖನ ಬರೆದೆವು. ಅದರ ಎರಡನೆಯ ಚಿತ್ರದಲ್ಲಿ 200 ಮೈಕ್ರೋಮೀಟರ್ ಉದ್ದದ ತೊಲೆಯೊಂದು ಬಾಣದಂತೆ ನೆಟ್ಟಗೆ ಚಾಚಿ ನಿಂತಿತ್ತು. ಅಡಿಬರಹವನ್ನು ಬರೆದವನು ನಾನು: 'ತಯಾರಾದ ತೊಲೆಗಳ ಪ್ರಾತಿನಿಧಿಕ ಚಿತ್ರ.' ಎಲ್ಲರೂ ಹಾಗೆಯೇ ಬರೆಯುತ್ತಾರೆ. ನಾನೂ ಹತ್ತಾರು ಸಲ ಬರೆದಿದ್ದೆ. ಹೆಸರು ಬೇಡ, ಒಂದು ಒಳ್ಳೆಯ ಪತ್ರಿಕೆಗೆ ಅದನ್ನು ಕಳುಹಿಸಿದೆವು.

ಎರಡೂವರೆ ತಿಂಗಳಿಗೆ ಉತ್ತರ ಬಂತು. ತಿರಸ್ಕಾರವಲ್ಲ, ತಿದ್ದಿ ಕಳುಹಿಸಿ ಎಂದಿತ್ತು. ಮೊದಲನೆಯ ಪರಿಶೀಲಕರು ಸಣ್ಣ ಪುಟ್ಟ ತಿದ್ದುಪಡಿ ಸೂಚಿಸಿದ್ದರು. ಎರಡನೆಯವರ ಹತ್ತು ಪ್ರಶ್ನೆಗಳಲ್ಲಿ ಏಳನೆಯದು ಒಂದೇ ಸಾಲು: ಒಟ್ಟು ಎಷ್ಟು ತೊಲೆಗಳನ್ನು ಮಾಡಿದಿರಿ, ಅವುಗಳಲ್ಲಿ ಎಷ್ಟು ನಿಂತವು, ಎರಡನೆಯ ಚಿತ್ರ ಯಾವುದರ ಪ್ರತಿನಿಧಿ?

ನಾನು ಅದನ್ನು ದೊಡ್ಡದೆಂದು ಎಣಿಸಲಿಲ್ಲ. "ಸಾಕಷ್ಟು ಸಂಖ್ಯೆಯಲ್ಲಿ ನಿಂತವು ಎಂದು ಬರೆದುಬಿಡಮ್ಮ, ಒಂಬತ್ತು ಪ್ರಶ್ನೆಗೆ ಚೆನ್ನಾಗಿ ಉತ್ತರವಿದೆಯಲ್ಲ" ಎಂದೆ. ಆಕೆ ಮಾತಾಡಲಿಲ್ಲ. ಚೀಲದಿಂದ ಪ್ರಯೋಗದ ಟಿಪ್ಪಣಿ ಪುಸ್ತಕವನ್ನು ತೆಗೆದು ನನ್ನ ಮೇಜಿನ ಮೇಲೆ ತೆರೆದಿಟ್ಟಳು. ಒಂದು ಬಿಲ್ಲೆಯ ಮೇಲೆ ನಾಲ್ಕು ಉದ್ದಗಳಲ್ಲಿ ಹತ್ತು ಹತ್ತರಂತೆ 40 ತೊಲೆಗಳು. ಪ್ರತಿಯೊಂದರ ಮುಂದೂ ನಿಂತದ್ದಕ್ಕೆ ಒಂದು ಗುರುತು, ಬಿದ್ದದ್ದಕ್ಕೆ ಒಂದು ಗುರುತು. 40ರಲ್ಲಿ ನಿಂತವು 14. 200 ಮೈಕ್ರೋಮೀಟರಿನ ಹತ್ತರಲ್ಲಿ ನಿಂತದ್ದು ಒಂದೇ ಒಂದು. ನಾನು ಪ್ರತಿನಿಧಿ ಎಂದು ಕರೆದಿದ್ದ ಚಿತ್ರ ಆ ಒಂದರದು.

"ಸಾರ್, ಸಾಕಷ್ಟು ಅಂದರೆ ಎಷ್ಟು ಅಂತ ಬರೆಯಲಿ?" ಎಂದಳು.

ಆ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ಆಕೆಯ ಫೆಲೋಷಿಪ್ಪು ಮಾರ್ಚಿಗೆ ಮುಗಿಯುವುದಿತ್ತು. ಲೇಖನ ಅಚ್ಚಾದರೆ ಮುಂದಿನ ಕೆಲಸಕ್ಕೆ ಅರ್ಜಿ ಹಾಕಬಹುದು. ಇಲ್ಲವಾದರೆ ಊರಿಗೆ ಮರಳಿ ಮನೆಯವರಿಗೆ ಸಮಜಾಯಿಷಿ ಹೇಳಬೇಕು. ಒಂದು ಕಾಲಕ್ಕೆ ನಮ್ಮಲ್ಲಿ ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ಪತ್ರಿಕೆಯಲ್ಲಿ ಲೇಖನ ಅಚ್ಚಾಗಿರಲೇಬೇಕೆಂಬ ನಿಯಮವೂ ಇತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ ಅದನ್ನು 2022ರಲ್ಲಿ ಕೈಬಿಟ್ಟಿತು. ನಿಯಮ ಹೋದರೂ ಅಚ್ಚಾದ ಲೇಖನಗಳನ್ನು ಎಣಿಸುವ ಅಭ್ಯಾಸ ಹೋಗಿಲ್ಲ. ಈ ಹಸಿವನ್ನು ಬಲ್ಲವರು, ಹಣ ತೆತ್ತರೆ ಯಾರೂ ಓದದೆಯೇ ಅಚ್ಚು ಹಾಕಿಕೊಡುವ ಪತ್ರಿಕೆಗಳನ್ನೂ ತೆರೆದು ಕುಳಿತಿದ್ದಾರೆ. ಅಲ್ಲಿ ಏಳನೆಯ ಪ್ರಶ್ನೆ ಬರುವುದೇ ಇಲ್ಲ.

ಆ ರಾತ್ರಿ ನನಗೆ ಯಾನ್ ಹೆಂಡ್ರಿಕ್ ಶೋನ್ ನೆನಪಾದ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಆ ತರುಣ, 2000ದ ಆಸುಪಾಸಿನಲ್ಲಿ ಒಂದರ ಮೇಲೊಂದು ಬೆರಗಿನ ಲೇಖನ ಪ್ರಕಟಿಸಿದ. ಅಣುಗಳ ಒಂದೇ ಪದರದಿಂದ ಟ್ರಾನ್ಸಿಸ್ಟರು ಮಾಡಿದೆನೆಂದ. 'ನೇಚರ್', 'ಸೈನ್ಸ್' ಎರಡೂ ಅವನ್ನು ಅಚ್ಚು ಹಾಕಿದವು. ಪರಿಶೀಲನೆಯನ್ನು ಅವು ದಾಟಿದ್ದವು. ಆದರೆ ಬೇರೆಯವರು ಎಷ್ಟು ಹೆಣಗಿದರೂ ಅದು ಅವರ ಕೈಗೆ ಬರಲಿಲ್ಲ. 2002ರಲ್ಲಿ ಲಿಡಿಯಾ ಸೋನ್ ಮತ್ತು ಪಾಲ್ ಮೆಕ್ಯೂಯನ್ ಎಂಬ ವಿಜ್ಞಾನಿಗಳು ಅವನ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಬೇರೆ ಬೇರೆ ಪ್ರಯೋಗಗಳದೆಂದು ಕೊಟ್ಟ ನಕ್ಷೆಗಳಲ್ಲಿ, ಉಪಕರಣದ ಗದ್ದಲದಿಂದ ಉಂಟಾಗುವ ನಡುಕದ ಗೆರೆ ಕೂಡ ಒಂದೇ ಆಗಿತ್ತು. ಗದ್ದಲವೆಂಬುದು ಎರಡು ಸಲ ಒಂದೇ ಬಗೆಯಾಗಿ ಬರುವುದಿಲ್ಲ. ವಿಚಾರಣಾ ಸಮಿತಿ 24 ಆರೋಪಗಳಲ್ಲಿ 16ರಲ್ಲಿ ಅವನ ದುರ್ನಡತೆಯನ್ನು ಖಚಿತಪಡಿಸಿತು. ಟಿಪ್ಪಣಿ ಪುಸ್ತಕ ತೋರಿಸೆಂದರೆ ಅವನ ಬಳಿ ಇರಲಿಲ್ಲ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಮೂಲ ಅಂಕಿಗಳನ್ನು ಅಳಿಸಿದೆನೆಂದ.

ನಾನು ಶೋನ್ ಅಲ್ಲ ಎಂದು ಸಮಾಧಾನ ಹೇಳಿಕೊಂಡೆ. ನಮ್ಮ ತೊಲೆ ನಿಜವಾಗಿ ನಿಂತದ್ದು, ನಿಜವಾಗಿ ಕಂಪಿಸಿದ್ದು. ಒಂದಂಕಿಯನ್ನೂ ನಾವು ಹುಟ್ಟಿಸಿರಲಿಲ್ಲ. ಆದರೂ 26 ಬಿದ್ದ ತೊಲೆಗಳನ್ನು 'ಪ್ರಾತಿನಿಧಿಕ' ಎಂಬ ಒಂದು ಪದದ ಕೆಳಗೆ ಹೂತಿದ್ದೆ. ಅದನ್ನು ಓದಿದ ಯಾರೋ ಒಬ್ಬ ವಿದ್ಯಾರ್ಥಿ, ಯಾವುದೋ ದೇಶದಲ್ಲಿ, 200 ಮೈಕ್ರೋಮೀಟರಿನ ತೊಲೆ ಮಾಡಹೊರಟು, ಎಲ್ಲವೂ ನೆಲ ಹಿಡಿದದ್ದನ್ನು ಕಂಡು, ತಪ್ಪು ತನ್ನ ಕೈಯದೆಂದು ತಿಂಗಳುಗಟ್ಟಲೆ ಕೊರಗುತ್ತಿದ್ದ. ಶೋನನ ಲೇಖನಗಳನ್ನು ನಂಬಿ ದುಡಿದ ತರುಣರ ಪಾಡು ಅದೇ ಆಗಿತ್ತಲ್ಲವೆ?

ಮರುದಿನ ಪುಸ್ತಕವನ್ನು ಮತ್ತೆ ತೆರೆದೆವು. ಈ ಸಲ ಬಿದ್ದವನ್ನೂ ಸೇರಿಸಿ ಉದ್ದದ ಕ್ರಮದಲ್ಲಿ ಬರೆದೆವು. 100 ಮೈಕ್ರೋಮೀಟರಿನ ಹತ್ತರಲ್ಲಿ ನಿಂತವು 9, 150ರದರಲ್ಲಿ 4, 200ರದರಲ್ಲಿ 1, 300ರದರಲ್ಲಿ ಒಂದೂ ಇಲ್ಲ. ನಾವು ದುರದೃಷ್ಟವೆಂದು ಬದಿಗಿಟ್ಟದ್ದರಲ್ಲಿ ಒಂದು ಕ್ರಮವಿತ್ತು. ತೊಲೆ ಉದ್ದವಾದಷ್ಟೂ ಮೆತ್ತಗಾಗುತ್ತದೆ. ಒಂದು ಮಿತಿಯನ್ನು ದಾಟಿದರೆ ನೀರಿನ ಎಳೆತವನ್ನು ತಾಳಲಾರದು. ಶಾಸ್ತ್ರ ಗೊತ್ತಿದ್ದದ್ದೇ, ನಮ್ಮ ಅಳತೆಯ ತೊಲೆಗೆ ಆ ಮಿತಿ ಎಲ್ಲಿದೆ ಎಂಬುದನ್ನು ಬಿದ್ದ ತೊಲೆಗಳೇ ಹೇಳಿದವು. ನಿಂತ 14ನ್ನಷ್ಟೇ ನೋಡಿದ್ದರೆ ಅದು ತಿಳಿಯುತ್ತಿರಲಿಲ್ಲ. ಆಮೇಲೆ ಆಕೆ ಇನ್ನೊಂದು ಬಿಲ್ಲೆ ಮಾಡಿದಳು. ನೀರನ್ನು ಮದ್ಯಸಾರದಿಂದ, ಮದ್ಯಸಾರವನ್ನು ದ್ರವರೂಪದ ಇಂಗಾಲದ ಡೈಆಕ್ಸೈಡಿನಿಂದ ಹೊರಹಾಕಿ, 31 ಡಿಗ್ರಿ ಉಷ್ಣತೆಯನ್ನೂ 73 ವಾಯುಭಾರದ ಒತ್ತಡವನ್ನೂ ದಾಟಿಸಿದರೆ ದ್ರವಕ್ಕೂ ಅನಿಲಕ್ಕೂ ನಡುವಣ ಮೇಲ್ಮೈಯೇ ಇಲ್ಲವಾಗುತ್ತದೆ. ಮೇಲ್ಮೈ ಇಲ್ಲದಲ್ಲಿ ಎಳೆತವೆಲ್ಲಿಯದು? ಇದು ಬಹಳ ಮಂದಿಗೆ ತಿಳಿದ ಉಪಾಯವೇ. ಮೊದಲೇ ಏಕೆ ಮಾಡಲಿಲ್ಲವೆಂದರೆ, ಒಳ್ಳೆಯ ಚಿತ್ರವೊಂದು ಸಿಕ್ಕಿಬಿಟ್ಟಿತ್ತು. ಈ ಸಲ 40ರಲ್ಲಿ 36 ನಿಂತವು.

'ಪ್ರಾತಿನಿಧಿಕ' ಎಂಬ ಪದವನ್ನು ಹೊಡೆದುಹಾಕಿ, 'ಹತ್ತರಲ್ಲಿ ನಿಂತ ಒಂದು' ಎಂದು ಬರೆದೆವು. ಎರಡು ಬಿಲ್ಲೆಗಳ ಲೆಕ್ಕವನ್ನೂ ಕೋಷ್ಟಕವಾಗಿ ಕೊಟ್ಟೆವು. ಇಷ್ಟಾದ ಮೇಲೆ ಲೇಖನ ಮೆಚ್ಚುಗೆಯೊಡನೆ ಅಚ್ಚಾಯಿತೆಂದು ಹೇಳುವ ಆಸೆ ನನಗಿದೆ. ಆದದ್ದು ಹಾಗಲ್ಲ. ಏಳನೆಯ ಪ್ರಶ್ನೆ ಕೇಳಿದವರು ತೃಪ್ತರಾದರು; ಮೊದಲು ಮೆಚ್ಚಿದ್ದ ಇನ್ನೊಬ್ಬರು, ಇದರಲ್ಲಿ ಹೊಸತು ಸಾಲದೆಂದರು. ಸಂಪಾದಕರು ವಿಷಾದ ತಿಳಿಸಿದರು. ಮಾರ್ಚ್ ಕಳೆಯಿತು. ಆಕೆ ಆರು ತಿಂಗಳು ಖಾಸಗಿ ಕಾಲೇಜೊಂದರಲ್ಲಿ ಪಾಠ ಹೇಳಿದಳು. ಪ್ರಾಮಾಣಿಕತೆಯ ಬೆಲೆಯನ್ನು ತೆತ್ತವಳು ಆಕೆ. ಅಡಿಬರಹ ಬರೆದವನು ನಾನು. ಈ ಲೆಕ್ಕ ಈಗಲೂ ನನಗೆ ಸರಿಹೋಗಿಲ್ಲ.

ಲೇಖನ ಮತ್ತೊಂದು ಪತ್ರಿಕೆಗೆ ಹೋಯಿತು. ಅಷ್ಟೊಂದು ಹೆಸರಿನದಲ್ಲ, ಆದರೆ ಓದಿ ಅಚ್ಚು ಹಾಕುವಂಥದು. ಅಲ್ಲಿ ಬಂತು. ಆವಿಯನ್ನು ಗುರುತಿಸುವ ನಮ್ಮ ಜಾಣತನದ ಬಗ್ಗೆ ಇದುವರೆಗೆ ಹೆಚ್ಚು ಮಂದಿ ಕೇಳಿಲ್ಲ. ಕೇಳಿ ಬರೆಯುವವರೆಲ್ಲ ಕೇಳುವುದು ಆ ಕೋಷ್ಟಕದ ವಿಷಯ: ತೊಳೆದ ನೀರು ಎಂಥದು, ಎಷ್ಟು ಹೊತ್ತು ಒಣಗಿಸಿದಿರಿ, ಬಿದ್ದ ತೊಲೆಗಳ ಚಿತ್ರಗಳಿದ್ದರೆ ಕಳುಹಿಸಬಹುದೇ ಎಂದು. ಚಿತ್ರಗಳು ಇವೆ. ಆಕೆ ಒಂದನ್ನೂ ಅಳಿಸಿರಲಿಲ್ಲ.

ಈಗ ಆಕೆ ಬೇರೊಂದು ಊರಿನಲ್ಲಿ ಅಧ್ಯಾಪಕಿ. ಪತ್ರಿಕೆಗಳು ಆಕೆಗೂ ಲೇಖನಗಳನ್ನು ಪರಿಶೀಲನೆಗೆ ಕಳುಹಿಸುತ್ತವೆ. ಹೋದ ತಿಂಗಳು ಫೋನು ಮಾಡಿದ್ದಳು. ಲೇಖನದ ಗುಟ್ಟು ಬಿಟ್ಟುಕೊಡಲಿಲ್ಲ. "ಚಿತ್ರ ತುಂಬ ಚೆನ್ನಾಗಿದೆ ಸಾರ್, ಅದಕ್ಕೇ ಅನುಮಾನ" ಎಂದಷ್ಟೇ ಹೇಳಿ ನಕ್ಕಳು. ಎಲ್ಲಿಯೋ ಒಬ್ಬ ಗುರು, ಒಬ್ಬ ಶಿಷ್ಯ ಆಕೆಯ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕುಳಿತಿರಬೇಕು. ಅವರ ಟಿಪ್ಪಣಿ ಪುಸ್ತಕ ಭದ್ರವಾಗಿರಲಿ ಎಂದು ಹಾರೈಸುತ್ತೇನೆ.



(ಬಾನುಲಿ ಭಾಷಣ)